ಮುಖ ನೋಡಿ ಪುಟ ಹುಡುಕಿದ ಕಥೆ

ವಾಕಡದ ಸೇತುವೆಯ ಬಳಿ ರಾತ್ರಿ ಹೊತ್ತು ಊರಿನ ಬಸ್ಸಿಗಾಗಿ ಕಾದು ನಿಂತ ಅನುಭವ ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿಗೆ ಉಂಟು. ಮುಂಬಯಿಯಿಂದ ಹೊರಟ ಹೆದ್ದಾರಿ ಇಲ್ಲಿಂದ ಸಾತಾರಾ, ಕೊಲ್ಲಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡಗಳನ್ನು ದಾಟಿ ಬೆಂಗಳೂರಿಗೆ ಹೋಗುತ್ತದೆ. ಬಸ್ಸುಗಳು ಒಂದರ ಹಿಂದೊಂದು ದೀಪ ಬೀರುತ್ತ ಬರುತ್ತವೆ. ಬೋರ್ಡಿನ ಮೇಲಿನ ಊರಿನ ಹೆಸರನ್ನು ಓದುವಷ್ಟು ಹತ್ತಿರ ಬರುವ ಮೊದಲೇ ನಮ್ಮವರು ಸಾಮಾನನ್ನು ಕೈಗೆತ್ತಿಕೊಂಡು ಸಿದ್ಧರಾಗಿಬಿಡುತ್ತಾರೆ. ಹೆಸರನ್ನು ಇನ್ನೂ ಓದಿಲ್ಲ. ಆದರೆ ಬಸ್ಸಿನ ಬಣ್ಣ, ಬೋರ್ಡಿನ ಆಕಾರ, ಅದರ ಮೇಲಿನ ಅಕ್ಷರಗಳ ದುಂಡುತನ, ಇವೆಲ್ಲ ಸೇರಿ 'ಇದು ನಮ್ಮ ಕಡೆಯದು' ಎಂದು ಮನಸ್ಸಿಗೆ ಹೇಳಿಬಿಟ್ಟಿರುತ್ತವೆ. ಬಸ್ಸು ಎದುರಿಗೆ ನಿಂತ ಮೇಲೆ ಮಾತ್ರ ಹೆಸರು ಓದಿ, ಕಂಡಕ್ಟರನ್ನು ಕೇಳಿ, ಖಚಿತ ಮಾಡಿಕೊಂಡು ಹತ್ತುತ್ತೇವೆ.

ಮೊದಲು ಮುಖ, ಆಮೇಲೆ ಹೆಸರು. ಮನುಷ್ಯನು ಗುರುತು ಹಿಡಿಯುವ ಕ್ರಮವೇ ಹೀಗಿದೆ. ಈ ತಿಂಗಳ ಲೇಖನಕ್ಕೆ ನಾವು ಆರಿಸಿಕೊಂಡಿರುವ ವಿಷಯ ಮೇಲುನೋಟಕ್ಕೆ ತೀರ ಚಿಕ್ಕದು. ನಮ್ಮ ಮಕ್ಕಳು, ಮೊಮ್ಮಕ್ಕಳು ದಿನವಿಡೀ ತೆರೆದಿಟ್ಟುಕೊಳ್ಳುವ ಬ್ರೌಸರಿನ ನೆತ್ತಿಯಲ್ಲಿ ಸಾಲಾಗಿ ಕುಳಿತಿರುವ ಟ್ಯಾಬುಗಳು, ಮತ್ತು ಆ ಟ್ಯಾಬಿನ ಮೇಲೆ ಮೌಸಿನ ಬಾಣವನ್ನು ಒಯ್ದಾಗ ಕೆಳಗೆ ಇಣುಕುವ ಪುಟದ ಪುಟ್ಟ ಚಿತ್ರ. ಇಂಗ್ಲಿಷಿನಲ್ಲಿ ಇದನ್ನು ಥಂಬ್‌ನೇಲ್ ಎನ್ನುತ್ತಾರೆ, ಎಂದರೆ ಹೆಬ್ಬೆರಳಿನ ಉಗುರಿನಷ್ಟು ಎಂದರ್ಥ. ನಾವು ಇದನ್ನು ಕಿರುನೋಟ ಎಂದು ಕರೆಯೋಣ. ಇಷ್ಟು ಸಣ್ಣ ಸಂಗತಿಗೆ ಒಂದು ಇತಿಹಾಸವಿದೆಯೇ ಎಂದು ವಾಚಕರು ನಗಬಹುದು. ಇತಿಹಾಸವಿದೆ; ಅಷ್ಟೇ ಅಲ್ಲ, ಅದರಲ್ಲಿ ಕನ್ನಡಿಗರಿಗೆ ಸಂಬಂಧಿಸಿದ ಒಂದು ಅಧ್ಯಾಯವೂ ಇದೆ.

ಈ ವಿಚಾರ ನಮ್ಮ ತಲೆಯನ್ನು ಹೊಕ್ಕಿದ್ದು ಮನೆಯಲ್ಲಿ ನಡೆದ ಒಂದು ಪುಟ್ಟ ಪ್ರಸಂಗದಿಂದ. ನಮ್ಮ ಮಗ ಹಿಂಜವಡಿಯ ಇನ್ಫೋಟೆಕ್ ಪಾರ್ಕಿನಲ್ಲಿ ನೌಕರಿ ಮಾಡುತ್ತಾನೆ. ವಾಕಡದ ಮನೆಯಲ್ಲಿ ಎಲ್ಲರಿಗೂ ಒಂದೇ ಲ್ಯಾಪ್‌ಟಾಪು. ನಾವು ಬೆಳಿಗ್ಗೆ ತೆರೆದಿಟ್ಟ ಕನ್ನಡ ಪತ್ರಿಕೆಯ ಪುಟ ಸಂಜೆಯ ಹೊತ್ತಿಗೆ ಸೊಸೆಯ ಮರಾಠಿ ಅಡುಗೆಯ ಪುಟಗಳು, ಮಗನ ಬ್ಯಾಂಕಿನ ಪುಟಗಳು, ಮೊಮ್ಮಗಳ ಶಾಲೆಯ ಪುಟಗಳು, ಇವುಗಳ ನಡುವೆ ಎಲ್ಲೋ ಸಿಕ್ಕಿಕೊಂಡು ಕಾಣದಾಯಿತು. ಟ್ಯಾಬುಗಳು ಇಪ್ಪತ್ತಕ್ಕೂ ಮೇಲಿದ್ದವು. ಒಂದೊಂದರ ಮೇಲೂ ಒಂದೂವರೆ ಅಕ್ಷರ ಮಾತ್ರ ಉಳಿದಿತ್ತು. ನಾವು ಕನ್ನಡಕ ಸರಿಪಡಿಸಿಕೊಳ್ಳುತ್ತ ತಡವರಿಸುತ್ತಿದ್ದಾಗ ನಾಲ್ಕನೆಯ ಇಯತ್ತೆಯಲ್ಲಿರುವ ಮೊಮ್ಮಗಳು ಮೌಸು ಕಸಿದುಕೊಂಡು ಬಾಣವನ್ನು ಸಾಲಿನುದ್ದಕ್ಕೂ ಸರ್ರನೆ ಎಳೆದಳು. "ಅಜ್ಜಾ, ನಿಂದು ಇಲ್ಲೈತಿ ನೋಡು" ಎಂದಳು.

ಅವಳಿಗೆ ಕನ್ನಡ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. "ನಿನಗ ಹೆಂಗ ಗೊತ್ತಾತು?" ಎಂದು ಕೇಳಿದೆವು. "ಮರಾಠಿ ಅಂದ್ರ ಹಗ್ಗಕ್ಕ ಅರಿವಿ ಒಣಗ ಹಾಕಿದಂಗ ಇರತೈತಿ. ನಿಂದು ಗುಂಡ ಗುಂಡ ಇರತೈತಿ, ಅದಕ್ಕ" ಎಂದು ಉತ್ತರ ಕೊಟ್ಟು ಆಟಕ್ಕೆ ಓಡಿಹೋದಳು.

ಆ ಉತ್ತರ ನಮ್ಮನ್ನು ಬಹಳ ದಿನ ಕಾಡಿತು. ಅದರಲ್ಲಿ ಸಂತೋಷಪಡುವ ಅಂಶವೂ ಇತ್ತು, ಚಿಂತಿಸಬೇಕಾದ ಅಂಶವೂ ಇತ್ತು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಕಲ್ಲಿನ ಮೇಲಿನ ಕಿರುನೋಟ

ಪೂರ್ತಿ ಓದುವ ಮೊದಲು ಇದು ಯಾವುದರ ವಿಷಯ ಎಂದು ಚಿತ್ರದಿಂದ ತಿಳಿಸುವ ಪದ್ಧತಿ ಕಂಪ್ಯೂಟರಿನವರು ಹೊಸದಾಗಿ ಕಂಡುಹಿಡಿದದ್ದಲ್ಲ. ನಮ್ಮ ನಾಡಿನ ಊರ ಮುಂದಿನ ಕಲ್ಲುಗಳನ್ನು ನೋಡಿದವರಿಗೆ ಇದು ತಾನಾಗಿಯೇ ಹೊಳೆಯುತ್ತದೆ. ದಾನಶಾಸನದ ನೆತ್ತಿಯಲ್ಲಿ ಸೂರ್ಯ, ಚಂದ್ರ, ಹಸು ಮತ್ತು ಕರು ಇರುತ್ತವೆ. ಸೂರ್ಯಚಂದ್ರರಿರುವ ತನಕ ಈ ದಾನ ನಿಲ್ಲಲಿ ಎಂಬ ಆಶಯ ಅಕ್ಷರ ಬಾರದವನಿಗೂ ಅರ್ಥವಾಗುತ್ತಿತ್ತು. ಬಳೆ ತೊಟ್ಟ ತೋಳನ್ನು ಮೇಲೆತ್ತಿದ ಚಿತ್ರವಿದ್ದರೆ ಅದು ಮಾಸ್ತಿಗಲ್ಲು. ಆಯುಧ ಹಿಡಿದು ಹೋರಾಡುವವನ ಚಿತ್ರ, ಅದರ ಮೇಲಿನ ಹಂತದಲ್ಲಿ ಅವನನ್ನು ಒಯ್ಯುವ ಅಪ್ಸರೆಯರ ಚಿತ್ರ ಇದ್ದರೆ ಅದು ವೀರಗಲ್ಲು. ಹೊಲದ ಎಲ್ಲೆಯಲ್ಲಿ ಲಿಂಗದ ಗುರುತಿನ ಕಲ್ಲಿದ್ದರೆ ಅದು ಶಿವಾಲಯಕ್ಕೆ ಬಿಟ್ಟ ಭೂಮಿ ಎಂಬುದಕ್ಕೆ ಸಾಕ್ಷಿ. ದಾರಿಹೋಕನು ನಿಂತು ಶಾಸನವನ್ನು ಓದಬೇಕಾಗಿರಲಿಲ್ಲ. ನಡೆಯುತ್ತಲೇ ನೋಡಿ ತನಗೆ ಬೇಕಾದ ಕಲ್ಲು ಯಾವುದೆಂದು ತಿಳಿಯುತ್ತಿದ್ದ.

ಇದಕ್ಕೆ ಅತ್ಯಂತ ಸೊಗಸಾದ ಉದಾಹರಣೆ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನ ಕಲ್ಲು. ಅದು ಕ್ರಿ.ಶ. 949-50ರ ಕಾಲದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನಲ್ಲಿ ಒಂದು ನಾಯಿ ಮತ್ತು ಒಂದು ಕಾಡುಹಂದಿ ಕಾದಾಡುತ್ತಿರುವ ಚಿತ್ರವಿದೆ. ನೋಡಿದ ಯಾರಿಗಾದರೂ ಇದು ನಾಯಿಯ ಶೌರ್ಯದ ಕಥೆ ಎಂದು ತಿಳಿಯುತ್ತದೆ. ಆದರೆ ಆ ನಾಯಿಯ ಹೆಸರು ಕಾಳಿ ಎಂದು ಚಿತ್ರ ಹೇಳಲಾರದು. ತಕ್ಕೋಲದ ಯುದ್ಧದ ನಂತರ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಗಂಗರ ಬೂತುಗನ ಕಡೆಯ ವೀರನಾದ ಮಣಲರನು ಹೊನ್ನು ಮಣ್ಣುಗಳನ್ನು ಬಿಟ್ಟು ಈ ನಾಯಿಯನ್ನೇ ಬೇಡಿದ ಎಂಬುದೂ, ಹಂದಿಯೊಡನೆ ಕಾದಾಡಿ ಎರಡೂ ಸತ್ತವೆಂಬುದೂ, ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಅದರ ಪೂಜೆಗೆ ಭೂಮಿ ಬಿಟ್ಟರೆಂಬುದೂ ಅಕ್ಷರದಿಂದ ಮಾತ್ರ ನಮಗೆ ತಿಳಿದದ್ದು. ಚಿತ್ರ ನಮ್ಮನ್ನು ಕಲ್ಲಿನ ತನಕ ಕರೆದೊಯ್ಯುತ್ತದೆ. ಕಾಳಿಯ ಹೆಸರು ಹಿಡಿದು ಕರೆಯಲು ಅಕ್ಷರವೇ ಬೇಕು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗುತ್ತದೆ.

ಟ್ಯಾಬು ಹುಟ್ಟಿದ ಬಗೆ

ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ಮೊದಲ ಬ್ರೌಸರನ್ನು ಬರೆದದ್ದು 1990ರಲ್ಲಿ. ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1993ರಲ್ಲಿ ಸಿದ್ಧವಾದ ಮೊಸಾಯಿಕ್, ಅದರ ಮುಂದಿನ ವರ್ಷ ಬಂದ ನೆಟ್‌ಸ್ಕೇಪ್, ಇವು ಅದನ್ನು ಸಾಮಾನ್ಯರ ಕೈಗೆ ತಂದವು. ನಮ್ಮ ದೇಶದ ಜನರಿಗೆ ಇಂಟರ್ನೆಟ್ ಸಂಪರ್ಕ ದೊರೆಯತೊಡಗಿದ್ದು 1995ರ ಆಗಸ್ಟ್ 15ರಿಂದ. ಆಗ ಟೆಲಿಫೋನ್ ತಂತಿಯ ಮೂಲಕ ಒಂದು ಪುಟ ತೆರೆಯಲು ನಿಮಿಷಗಳೇ ಬೇಕಾಗುತ್ತಿದ್ದುದರಿಂದ ಇಪ್ಪತ್ತು ಪುಟ ಒಟ್ಟಿಗೆ ತೆರೆದಿಡುವ ಪ್ರಶ್ನೆಯೇ ಇರಲಿಲ್ಲ. ಎರಡನೆಯ ಪುಟ ಬೇಕಾದರೆ ಎರಡನೆಯ ಕಿಟಕಿ ತೆರೆಯಬೇಕು. ಅದೇ 1995ರಲ್ಲಿ ಬಂದ ವಿಂಡೋಸ್ 95ರಲ್ಲಿ ಪರದೆಯ ಕೆಳಗೆ ಒಂದು ಪಟ್ಟಿ ಇತ್ತು. ತೆರೆದ ಒಂದೊಂದು ಕಿಟಕಿಗೆ ಅಲ್ಲೊಂದು ಗುಂಡಿ. ಕಿಟಕಿಗಳು ಹೆಚ್ಚಿದಂತೆ ಗುಂಡಿಗಳು ಕುಗ್ಗಿ, ಮೇಲಿನ ಹೆಸರುಗಳು ತುಂಡಾಗುತ್ತಿದ್ದವು. ಹೆಸರಿಗೆ ಜಾಗ ಸಾಲದೆಂಬ ತೊಂದರೆ ಅಂದೇ ಆರಂಭವಾಯಿತು.

ಇದಕ್ಕೆ ಪರಿಹಾರವಾಗಿ ಬಂದದ್ದು ಟ್ಯಾಬು. ಕಚೇರಿಯ ಕಡತಗಳ ಅಂಚಿನಲ್ಲಿ ಹೊರಗೆ ಚಾಚಿರುವ ರಟ್ಟಿನ ನಾಲಗೆಯನ್ನು ನಮ್ಮಲ್ಲಿ ನೌಕರಿ ಮಾಡಿದವರೆಲ್ಲರೂ ನೋಡಿದ್ದಾರೆ. ಹಳೆಯ ಟೆಲಿಫೋನ್ ಡೈರಿಯ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಅಕ್ಷರ ಅಚ್ಚು ಹಾಕಿರುತ್ತಿದ್ದರಲ್ಲ, ಅದೂ ಇದೇ ಜಾತಿಯದು. ಆ ನಾಲಗೆಯನ್ನೇ ಬ್ರೌಸರಿನ ನೆತ್ತಿಗೆ ಅಂಟಿಸಿದರು. 1994ರಷ್ಟು ಹಿಂದೆಯೇ ಇಂಟರ್ನೆಟ್‌ವರ್ಕ್ಸ್ ಎಂಬ ಬ್ರೌಸರಿನಲ್ಲಿ ಇದರ ಮೊದಲ ರೂಪ ಕಂಡಿತು. 1990ರ ದಶಕದ ಕೊನೆಯಲ್ಲಿ ನೆಟ್‌ಕ್ಯಾಪ್ಟರ್ ಎಂಬುದು ಅದನ್ನು ಬೆಳೆಸಿತು. 2001ರಲ್ಲಿ ಮೊಜಿಲ್ಲಾ ಅದನ್ನು ತನ್ನ ಬ್ರೌಸರಿಗೆ ಸೇರಿಸಿಕೊಂಡಿತು. 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ ಹೊರಬಂದು ಜನಪ್ರಿಯವಾದಾಗ ಟ್ಯಾಬು ಮನೆಮಾತಾಯಿತು.

ಈ ನಡುವೆ ಇನ್ನೊಂದು ಬೆಳವಣಿಗೆ. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಐದನೆಯ ಆವೃತ್ತಿಯಲ್ಲಿ ಪ್ರತಿ ತಾಣಕ್ಕೂ ಒಂದು ಲಾಂಛನ ಇಟ್ಟುಕೊಳ್ಳುವ ಅವಕಾಶ ಬಂತು. ಅಡ್ಡ 16, ಉದ್ದ 16 ಚುಕ್ಕೆಗಳ ಪುಟ್ಟ ಚೌಕ ಅದು. ಹೆಸರು ತುಂಡಾದರೂ ಈ ಲಾಂಛನ ಉಳಿಯುತ್ತದೆ. ಆದರೆ ಅದು ಮನೆತನದ ಗುರುತು, ವ್ಯಕ್ತಿಯ ಗುರುತಲ್ಲ. ಒಂದೇ ಪತ್ರಿಕೆಯ ಹತ್ತು ಪುಟಗಳನ್ನು ತೆರೆದರೆ ಹತ್ತಕ್ಕೂ ಒಂದೇ ಲಾಂಛನ. ಒಂದೇ ಮನೆಯ ಹತ್ತು ಮಂದಿ ಒಂದೇ ಬಣ್ಣದ ಪೇಟ ಸುತ್ತಿಕೊಂಡು ಬೆನ್ನು ತಿರುಗಿಸಿ ನಿಂತಂತೆ!

ಹೆಸರೇ ಕೆಟ್ಟಿದ್ದ ಕಾಲ

ಇಲ್ಲಿಯವರೆಗಿನ ತೊಂದರೆ ಜಗತ್ತಿನ ಎಲ್ಲರದು. ಇನ್ನು ಮುಂದಿನದು ನಮ್ಮದು.

ಕನ್ನಡದ ಮೊದಲ ಅಂತರಜಾಲ ಪತ್ರಿಕೆಯಾದ ವಿಶ್ವಕನ್ನಡವನ್ನು ಯು. ಬಿ. ಪವನಜ ಅವರು ಆರಂಭಿಸಿದ್ದು 1996ರ ಡಿಸೆಂಬರಿನಲ್ಲಿ. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ತಂತ್ರಾಂಶ ಬಂತು. ನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಪರದೇಶದಲ್ಲಿದ್ದ, ಪರರಾಜ್ಯದಲ್ಲಿದ್ದ ಕನ್ನಡಿಗರು ಪರದೆಯ ಮೇಲೆ ತಮ್ಮ ಅಕ್ಷರ ಕಂಡು ಪಟ್ಟ ಹಿಗ್ಗನ್ನು ಇಂದಿನ ಮಕ್ಕಳಿಗೆ ವಿವರಿಸುವುದು ಕಷ್ಟ. ಆದರೆ ಆ ಅಕ್ಷರಗಳ ಒಳಗಿನ ಗುಟ್ಟು ಬೇರೆಯೇ ಇತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಅವು ಕನ್ನಡವಾಗಿರಲೇ ಇಲ್ಲ. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಅಚ್ಚಿನ ಮೊಳೆಗಳಾಗಿದ್ದವು, ಅಷ್ಟೆ. ಫಾಂಟು ಇರುವ ಕಡೆ ಕನ್ನಡ. ಇಲ್ಲದ ಕಡೆ ಗೊಂದಲ.

ಪುಟದ ಒಡಲಿಗೆ ಬೇಕಾದ ಫಾಂಟನ್ನು ಪುಟವೇ ಕೇಳಿ ಪಡೆಯುತ್ತಿತ್ತು. ಆದರೆ ಪುಟದ ಹೆಸರು ಮೂಡುವುದು ಪುಟದ ಒಳಗಲ್ಲ, ಬ್ರೌಸರಿನ ಚೌಕಟ್ಟಿನ ಮೇಲೆ. ಚೌಕಟ್ಟು ಪುಟದ ಫಾಂಟನ್ನು ಬಳಸುವುದಿಲ್ಲ. ಹೀಗಾಗಿ ಆ ಕಾಲದಲ್ಲಿ 'ಕನ್ನಡ' ಎಂಬ ಮೂರಕ್ಷರದ ಪದವನ್ನು ಪುಟದ ಹೆಸರಾಗಿ ಕೊಟ್ಟರೆ ಅಲ್ಲಿ ಕಾಣುತ್ತಿದ್ದದ್ದು ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಅದರ ಮುಂದೆ ಬ್ರಿಟಿಷ್ ಪೌಂಡಿನ ಗುರುತು, ಜರ್ಮನಿಯ ಒಂದು ಅಕ್ಷರ, ಹೀಗೆ ಊರೂರಿನ ಸಂತೆ. ಒಳಗೆ ಚೆಂದದ ಕನ್ನಡ ಲೇಖನ, ಬಾಗಿಲ ಮೇಲೆ ಮಾತ್ರ ಯಾರಿಗೂ ಅರ್ಥವಾಗದ ಫಲಕ. ಇದರಿಂದ ಬೇಸತ್ತು ಹಲವರು ಹೆಸರನ್ನು ಇಂಗ್ಲಿಷಿನಲ್ಲೇ ಕೊಟ್ಟುಬಿಡುತ್ತಿದ್ದರು. ಹೊರಗೆ ಇಂಗ್ಲಿಷ್ ಬೋರ್ಡು, ಒಳಗೆ ಕನ್ನಡ. ನಗರಗಳಲ್ಲಿ ವಾಸಿಸುವ ನಮಗೆ ಈ ಏರ್ಪಾಡು ಅಪರಿಚಿತವೇನಲ್ಲ.

ನಿಜವಾದ ಪರಿಹಾರ ಯೂನಿಕೋಡ್. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆ ಕೊಡುವ ಈ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂತು, ಅದರಲ್ಲಿ ಕನ್ನಡವೂ ಇತ್ತು. ಆದರೆ ಸಂಖ್ಯೆ ದೊರೆತ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸುವ ಏರ್ಪಾಡು ಕಂಪ್ಯೂಟರಿನ ಒಳಗೇ ಇರಬೇಕು. 2000ದಲ್ಲಿ ಬಂದ ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳಿಗೆ ಈ ಭಾಗ್ಯ ಒದಗಿತು. ನಮ್ಮ ನೆರೆಯ ಮರಾಠಿಗೆ ಬಾಗಿಲು ತೆರೆದದ್ದು ಹೀಗೆ. ಕನ್ನಡ ಮರುವರ್ಷದ ತನಕ ಕಾಯಬೇಕಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಹೆಸರಿನ ಕನ್ನಡ ಫಾಂಟು ಬಂತು. ಹೆಸರೇನೋ ನಮ್ಮ ಹೊಳೆಯದು. ಆದರೆ ಅದು ಹರಿಯಬೇಕಾದರೆ ಕಂಟ್ರೋಲ್ ಪ್ಯಾನೆಲಿನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ಸಿ.ಡಿ. ತೂರಿಸಿ, ಕಂಪ್ಯೂಟರನ್ನು ಮತ್ತೆ ಆರಂಭಿಸಬೇಕಿತ್ತು. ಹಾಗೆ ಮಾಡದವರ ಪರದೆಯಲ್ಲಿ ಕನ್ನಡದ ಹೆಸರುಗಳು ಖಾಲಿ ಚೌಕಗಳಾಗಿಯೇ ಕಾಣುತ್ತಿದ್ದವು. 2003ರ ಜೂನಿನಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಮೊದಲಿನಿಂದಲೂ ಯೂನಿಕೋಡಿನಲ್ಲಿದ್ದರೂ, ಓದುಗರ ಕಂಪ್ಯೂಟರುಗಳು ಆ ಮಟ್ಟಕ್ಕೆ ಏರಲು ವರ್ಷಗಳೇ ಹಿಡಿದವು.

ಮುಖ ತೋರಿಸಿದ ಬ್ರೌಸರುಗಳು

ಹೆಸರು ಹೀಗೆ ತುಂಡಾಗಿ, ಕೆಟ್ಟು, ಚೌಕಗಳಾಗಿ ನಿಂತಿದ್ದ ಕಾಲದಲ್ಲಿಯೇ ಕಿರುನೋಟ ಬಂತು. 2003ರಲ್ಲಿ ಆ್ಯಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರಿನಲ್ಲಿ ತೆರೆದ ಕಿಟಕಿಗಳೆಲ್ಲ ಒಮ್ಮೆಗೇ ಕುಗ್ಗಿ ಪಕ್ಕಪಕ್ಕ ನಿಲ್ಲುವ ವ್ಯವಸ್ಥೆಯಾಯಿತು. 2006ರ ಜೂನಿನಲ್ಲಿ ನಾರ್ವೆ ದೇಶದ ಒಪೇರಾ ಬ್ರೌಸರಿನ ಒಂಬತ್ತನೆಯ ಆವೃತ್ತಿ ಹೊರಬಂತು. ಅದರಲ್ಲಿ ಟ್ಯಾಬಿನ ಮೇಲೆ ಬಾಣ ಇಟ್ಟರೆ ಪುಟದ ಕಿರುನೋಟ ಕಾಣುತ್ತಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಏಳನೆಯ ಆವೃತ್ತಿಯಲ್ಲಿ ಟ್ಯಾಬುಗಳ ಪಕ್ಕದಲ್ಲೊಂದು ಗುಂಡಿ ಇತ್ತು. ಅದನ್ನು ಒತ್ತಿದರೆ ತೆರೆದ ಪುಟಗಳೆಲ್ಲ ಗೋಡೆಗೆ ತೂಗುಹಾಕಿದ ಪಟಗಳಂತೆ ಒಂದೇ ಹಾಳೆಯ ಮೇಲೆ ಬಂದು ನಿಲ್ಲುತ್ತಿದ್ದವು. 2007ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ಟಾದಲ್ಲಿ ಕೆಳಗಿನ ಪಟ್ಟಿಯ ಗುಂಡಿಗಳಿಗೂ ಕಿರುನೋಟ ಬಂತು. ಆ ವರ್ಷವೇ ಬಂದ ಐಫೋನಿನ ಸಣ್ಣ ಪರದೆಯಲ್ಲಿ ಟ್ಯಾಬುಗಳ ಸಾಲಿಗೆ ಜಾಗವೇ ಇರಲಿಲ್ಲ; ಪುಟಗಳ ಕಿರುನೋಟವನ್ನು ಬೆರಳಿನಿಂದ ಸರಿಸಿಯೇ ಪುಟ ಬದಲಾಯಿಸಬೇಕಿತ್ತು. 2009ರಲ್ಲಿ ಒಪೇರಾದ ಹತ್ತನೆಯ ಆವೃತ್ತಿಯಲ್ಲಿ ಟ್ಯಾಬುಗಳ ಪಟ್ಟಿಯನ್ನೇ ಕೆಳಗೆಳೆದರೆ ಪ್ರತಿ ಟ್ಯಾಬೂ ಕಿರುನೋಟವಾಗುತ್ತಿತ್ತು.

ಇದರಿಂದ ಜಗತ್ತಿನ ಇತರರಿಗೆ ಆದದ್ದು ಅನುಕೂಲ. ಕನ್ನಡದ ಓದುಗನಿಗೆ ಆದದ್ದು ಅದಕ್ಕಿಂತ ಹೆಚ್ಚಿನದು. ಕಾರಣ ಸರಳ. ಕಿರುನೋಟವೆಂದರೆ ಪುಟದ ಒಡಲಿನ ಭಾವಚಿತ್ರ. ಒಡಲಿನಲ್ಲಿ ಕನ್ನಡ ಸರಿಯಾಗಿ ಮೂಡಿದ್ದರೆ ಚಿತ್ರದಲ್ಲಿಯೂ ಕನ್ನಡವೇ. ಬಾಗಿಲ ಫಲಕದ ಮೇಲೆ ಪೌಂಡಿನ ಗುರುತು ಕುಣಿಯುತ್ತಿದ್ದರೂ, ಕಿರುನೋಟದಲ್ಲಿ ದುಂಡನೆಯ ಸಾಲುಗಳು, ಪತ್ರಿಕೆಯ ತಲೆಬರಹ, ಪರಿಚಿತವಾದ ಬಣ್ಣ ಕಾಣುತ್ತಿದ್ದವು. ಹೆಸರಿನಿಂದ ಸಿಕ್ಕದ ಪುಟ ಮುಖದಿಂದ ಸಿಕ್ಕಿತು. 'ಮುಖ ನೋಡಿ ಮಣೆ ಹಾಕು' ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಪಕ್ಷಪಾತವನ್ನು ಹಳಿಯಲು ಬಳಸುತ್ತೇವೆ. ಆದರೆ ಹೆಸರೇ ಹೇಳಲು ಬಾರದ ಅತಿಥಿ ಬಾಗಿಲಲ್ಲಿ ನಿಂತಾಗ ಮುಖ ನೋಡದೆ ಬೇರೆ ಗತಿಯೇನು?

ಕಿರುನೋಟ ಎಲ್ಲರಿಗೂ ರುಚಿಸಿತೆಂದೂ ಹೇಳಲಾಗದು. 2011ರ ಮಾರ್ಚಿನಲ್ಲಿ ಬಂದ ಫೈರ್‌ಫಾಕ್ಸ್ ನಾಲ್ಕನೆಯ ಆವೃತ್ತಿಯಲ್ಲಿ ಪನೋರಮಾ ಎಂಬ ಭಾರಿ ಏರ್ಪಾಡು ಇತ್ತು. ಟ್ಯಾಬುಗಳ ಕಿರುನೋಟಗಳನ್ನು ಗುಂಪು ಗುಂಪಾಗಿ, ರಂಗೋಲಿ ಇಟ್ಟಂತೆ, ಪರದೆಯ ಮೇಲೆ ಜೋಡಿಸಿಡಬಹುದಿತ್ತು. ಬಳಸುವವರು ಕಡಿಮೆಯೆಂದು 2016ರಲ್ಲಿ ಅದನ್ನು ತೆಗೆದುಹಾಕಿದರು. ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. 2024ರ ಆಗಸ್ಟಿನಲ್ಲಿ ಅದೇ ಫೈರ್‌ಫಾಕ್ಸ್, ಟ್ಯಾಬಿನ ಮೇಲೆ ಬಾಣ ಇಟ್ಟರೆ ಕಿರುನೋಟ ತೋರಿಸುವ ಸಾದಾ ವ್ಯವಸ್ಥೆಯನ್ನು ತಂದಿತು. ಹದಿನೆಂಟು ವರ್ಷಗಳ ಹಿಂದೆ ಒಪೇರಾ ತೋರಿಸಿದ ದಾರಿಗೇ ಸುತ್ತಿ ಬಳಸಿ ಬಂದಂತಾಯಿತು. ದೊಡ್ಡ ಏರ್ಪಾಡು ಬಿದ್ದುಹೋಗಿ ಚಿಕ್ಕದು ಉಳಿದದ್ದರಲ್ಲಿ ಒಂದು ಪಾಠವಿದೆ. ಜನರಿಗೆ ಬೇಕಾದದ್ದು ಪುಟಗಳ ವಸ್ತುಸಂಗ್ರಹಾಲಯವಲ್ಲ, ಒಂದು ಇಣುಕುನೋಟ.

ಚಿತ್ರವೋ ಅಕ್ಷರವೋ?

ಕಿರುನೋಟದ ಉಪಯೋಗ ಎಷ್ಟು ಎಂಬುದನ್ನು ಪಂಡಿತರು ಪರೀಕ್ಷಿಸಿಯೂ ನೋಡಿದ್ದಾರೆ. 1998ರಲ್ಲಿ ಮೈಕ್ರೋಸಾಫ್ಟಿನ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ನೂರು ಪುಟಗಳ ಕಿರುನೋಟಗಳನ್ನು ಜನರಿಗೆ ಕೊಟ್ಟು, ಪರದೆಯ ಮೇಲಿನ ಒಂದು ಇಳಿಜಾರಿನಲ್ಲಿ ಅವರವರಿಗೆ ಬೇಕಾದ ಕಡೆ ಇಟ್ಟುಕೊಳ್ಳಲು ಹೇಳಿದರು. ಹೆಸರುಗಳ ಪಟ್ಟಿಯಲ್ಲಿ ಹುಡುಕುವುದಕ್ಕಿಂತ ಬೇಗನೆ ಅವರು ಪುಟಗಳನ್ನು ಹುಡುಕಿದರು. ತಿಂಗಳುಗಳ ನಂತರ ಅದೇ ಜನರನ್ನು ಕರೆಸಿ, ಚಿತ್ರಗಳನ್ನು ಅಳಿಸಿ ಖಾಲಿ ಚೌಕಗಳನ್ನು ಮಾತ್ರ ತೋರಿಸಿದರು. ಮೊದಲು ತಡವರಿಸಿದರೂ ಅವರು ಬೇಗನೆ ಸುಧಾರಿಸಿಕೊಂಡರು; ಏಕೆಂದರೆ ತಾವು ಯಾವುದನ್ನು ಎಲ್ಲಿ ಇಟ್ಟಿದ್ದೆವೆಂಬ ನೆನಪು ಅವರಲ್ಲಿತ್ತು. ಕತ್ತಲೆಯಲ್ಲೂ ಅಡುಗೆಮನೆಯ ಸಾಸಿವೆ ಡಬ್ಬಿ ಗೃಹಿಣಿಯ ಕೈಗೆ ಸಿಕ್ಕುವುದು ಹೀಗೆಯೇ ಅಲ್ಲವೆ?

2001ರಲ್ಲಿ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾಲಯದ ಆಲಿಸನ್ ವುಡ್ರಫ್ ಮತ್ತು ಸಂಗಡಿಗರು ಇನ್ನೂ ಮುಖ್ಯವಾದ ಸಂಗತಿಯೊಂದನ್ನು ತೋರಿಸಿದರು. ಅವರು ಮೂರು ಬಗೆಯನ್ನು ಹೋಲಿಸಿದರು: ಬರಿಯ ಅಕ್ಷರದ ಸಾರಾಂಶ, ಬರಿಯ ಕಿರುನೋಟ, ಮತ್ತು ಮುಖ್ಯವಾದ ಪದಗಳನ್ನು ದೊಡ್ಡದಾಗಿ ಎದ್ದು ಕಾಣುವಂತೆ ಮಾಡಿದ ಕಿರುನೋಟ. ಕೆಲವು ಹುಡುಕಾಟಗಳಲ್ಲಿ ಅಕ್ಷರ ಮೇಲಾಯಿತು, ಕೆಲವುಗಳಲ್ಲಿ ಚಿತ್ರ ಮೇಲಾಯಿತು. ಎಲ್ಲದರಲ್ಲಿಯೂ ನಂಬಿಕೊಳ್ಳಬಹುದಾಗಿದ್ದದ್ದು ಎರಡೂ ಕೂಡಿದ ಮೂರನೆಯ ಬಗೆ. ಆತಕೂರಿನ ಶಿಲ್ಪಿಗೆ ಈ ಸಂಗತಿ ಸಾವಿರ ವರ್ಷದ ಹಿಂದೆಯೇ ತಿಳಿದಿತ್ತೆಂದರೆ ಅತಿಶಯೋಕ್ತಿಯಾಗಲಾರದು. ಚಿತ್ರವನ್ನೂ ಕೆತ್ತಿದ, ಅಕ್ಷರವನ್ನೂ ಕೊರೆದ.

ಕಿರುನೋಟ ಸೋಲುವ ಸಂದರ್ಭಗಳನ್ನೂ ಹೇಳದಿದ್ದರೆ ನ್ಯಾಯವಾಗದು. ಒಂದೇ ಪತ್ರಿಕೆಯ ಹತ್ತು ಲೇಖನಗಳನ್ನು ತೆರೆದಿಟ್ಟರೆ ಹತ್ತೂ ಕಿರುನೋಟಗಳು ಅವಳಿಜವಳಿ ಮಕ್ಕಳಂತೆ ಕಾಣುತ್ತವೆ. ಅಲ್ಲಿ ಹೆಸರು ಓದದೆ ವಿಧಿಯಿಲ್ಲ. ಬರಿಯ ಅಕ್ಷರಗಳೇ ತುಂಬಿದ ಪುಟ ಬೂದುಬಣ್ಣದ ಚೌಕವಾಗಿಬಿಡುತ್ತದೆ. ಬ್ಯಾಂಕಿನ ಪುಟವನ್ನು ಹಿಂದೆ ಬಚ್ಚಿಟ್ಟಿದ್ದರೂ ಬಾಣ ಸೋಕಿದೊಡನೆ ಅದು ಹೊರಗೆ ಇಣುಕುತ್ತದೆ. ಪಕ್ಕದಲ್ಲಿ ನೆಂಟರು ಕುಳಿತಾಗ ಇದು ಮುಜುಗರದ ಸಂಗತಿ. ಎಲ್ಲಕ್ಕಿಂತ ಮುಖ್ಯವಾಗಿ, ಕಿರುನೋಟ ಕೆಲಸ ಮಾಡುವುದು ಆ ಪುಟವನ್ನು ಮೊದಲೇ ನೋಡಿದವನಿಗೆ ಮಾತ್ರ. ನೋಡದವನಿಗೆ ಅದು ಬರಿಯ ಬಣ್ಣದ ಚೂರು. ಕಿರುನೋಟ ಜ್ಞಾನವನ್ನು ಕೊಡುವುದಿಲ್ಲ, ನೆನಪನ್ನು ಎಚ್ಚರಿಸುತ್ತದೆ.

ಗುಂಡಗಿನ ಅಕ್ಷರಗಳ ಮುಂದೆ

ಈಗ ನಮ್ಮ ಮೊಮ್ಮಗಳ ಮಾತಿಗೆ ಬರೋಣ. ಅವಳು ಹುಟ್ಟುವ ಹೊತ್ತಿಗೆ ತಂತ್ರದ ತೊಡಕುಗಳೆಲ್ಲ ತೀರಿದ್ದವು. ಇಂದು ಕನ್ನಡದ ಹೆಸರು ಟ್ಯಾಬಿನ ಮೇಲೆ ಕನ್ನಡದಲ್ಲಿಯೇ ಮೂಡುತ್ತದೆ, ಸಿ.ಡಿ. ಬೇಡ, ಫಾಂಟು ಇಳಿಸಬೇಕಾಗಿಲ್ಲ. ಪವನಜ, ವಾಸು ಮೊದಲಾದವರೂ, ಹೆಸರು ಬಯಸದೆ ದುಡಿದ ನೂರಾರು ಮಂದಿಯೂ ಕಟ್ಟಿಕೊಟ್ಟ ಸೌಭಾಗ್ಯವಿದು. ಒಂದು ಕಾಲದಲ್ಲಿ ನಮಗೆ ಓದಲು ಬರುತ್ತಿತ್ತು, ಯಂತ್ರಕ್ಕೆ ಬರೆಯಲು ಬರುತ್ತಿರಲಿಲ್ಲ. ಆದ್ದರಿಂದ ನಾವು ಮುಖ ನೋಡಿ ಪುಟ ಹುಡುಕಿದೆವು. ಈಗ ಯಂತ್ರ ಸೊಗಸಾಗಿ ಬರೆಯುತ್ತದೆ. ಆದರೆ ನಮ್ಮ ಮನೆಯ ಮಗು ಅದನ್ನು ಓದಲಾರದೆ ಮುಖ ನೋಡಿ ಹುಡುಕುತ್ತದೆ.

ಅವಳು ಹೇಳಿದ್ದು ಸುಳ್ಳಲ್ಲ. ಉಗುರಿನಷ್ಟು ಚಿತ್ರದಲ್ಲಿ ಒಂದಕ್ಷರವನ್ನೂ ಓದಲಾಗದು, ಆದರೂ ದೇವನಾಗರಿಯ ತಲೆಗೆರೆಯನ್ನೂ ಕನ್ನಡದ ದುಂಡನ್ನೂ ಬೇರ್ಪಡಿಸಬಹುದು. ಆ ಸೂಕ್ಷ್ಮ ಅವಳ ಕಣ್ಣಿಗೆ ಸಿದ್ಧಿಸಿದೆ. ಆ ದುಂಡು ತನ್ನ ಅಜ್ಜನದು ಎಂಬ ನಂಟೂ ಇದೆ. ಇದು ಸಂತೋಷದ ಅಂಶ. ಆದರೆ ಗಮನಿಸಿ: ಅವಳು 'ನಿಂದು' ಎಂದಳು, 'ನಮ್ಮದು' ಎನ್ನಲಿಲ್ಲ. ಮಗುವಿನ ಮಾತನ್ನು ಇಷ್ಟು ಬಿಡಿಸಿ ನೋಡಬಾರದೆಂದು ಮನೆಯವರು ನಮ್ಮನ್ನು ಗದರಿದರು. ಇರಬಹುದು. ಆದರೂ ಆ ಒಂದು ಪದ ಮನಸ್ಸಿನಿಂದ ಹೋಗಲಿಲ್ಲ.

ವಾಕಡದಂಥ ಬಡಾವಣೆಯಲ್ಲಿ ಮಗು ಶಾಲೆಯಲ್ಲಿ ಇಂಗ್ಲಿಷ್ ಓದುತ್ತದೆ, ಮರಾಠಿ ಕಲಿಯುತ್ತದೆ, ಹಿಂದಿಯೂ ಬರುತ್ತದೆ. ಇದ್ದ ಊರಿನ ಭಾಷೆಯನ್ನು ಚೆನ್ನಾಗಿ ಕಲಿಯಲೇಬೇಕು; ಅದರಲ್ಲಿ ಎರಡು ಮಾತಿಲ್ಲ. ಕನ್ನಡ ಮಾತ್ರ ಕಿವಿಯಲ್ಲಿ ಉಳಿದು ಕಣ್ಣಿಗೆ ಬಾರದೆ ನಿಲ್ಲುತ್ತದೆ. ಅಂಥ ಮಗುವಿಗೆ ಕನ್ನಡವೆಂಬುದು ಯಾವತ್ತೂ ತೆರೆಯದ ಟ್ಯಾಬು. ಅದರ ಕಿರುನೋಟ ಪರಿಚಿತ: ಹಬ್ಬದ ಅಡುಗೆ, ಅಜ್ಜಿಯ ಜೋಗುಳ, ಸಂಘದ ರಾಜ್ಯೋತ್ಸವದ ವೇದಿಕೆ, ಬಸ್ಸಿನ ಬೋರ್ಡು. ಒತ್ತಿ ಒಳಗೆ ಹೋಗುವ ಅಭ್ಯಾಸ ಮಾತ್ರ ಇಲ್ಲ. ಮತ್ತು ಕಿರುನೋಟದ ಗುಣವನ್ನು ಈಗಷ್ಟೇ ಹೇಳಿದೆವು: ಮೊದಲು ನೋಡಿದವನಿಗೆ ಮಾತ್ರ ಅದು ನೆನಪು. ನಮ್ಮ ಮೊಮ್ಮಗಳಿಗೆ ಗುಂಡಗಿನ ಅಕ್ಷರ ಕಂಡರೆ ಅಜ್ಜನ ನೆನಪಾಗುತ್ತದೆ. ಅವಳ ಮಕ್ಕಳಿಗೆ ಯಾರ ನೆನಪಾದೀತು?

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಚಿಕ್ಕ ಪದ್ಧತಿ ಆರಂಭವಾಗಿದೆ. ಸಂಜೆ ಲ್ಯಾಪ್‌ಟಾಪು ನಮ್ಮ ಕೈಗೆ ಬಂದಾಗ ಮೊಮ್ಮಗಳು ಬಾಣ ಎಳೆದು ಕನ್ನಡದ ಪುಟ ಹುಡುಕಿಕೊಡಬೇಕು. ಹುಡುಕಿದ ಮೇಲೆ ಟ್ಯಾಬಿನ ಮೇಲೆ ಉಳಿದಿರುವ ಒಂದೂವರೆ ಅಕ್ಷರವನ್ನು ಓದಬೇಕು. ಹೆಚ್ಚಿನದೇನೂ ಇಲ್ಲ, ಒಂದೂವರೆ ಅಕ್ಷರ ಮಾತ್ರ. ಟ್ಯಾಬು ಇಕ್ಕಟ್ಟಾಗಿರುವುದರಿಂದ ಪಾಠವೂ ತಾನಾಗಿಯೇ ಚಿಕ್ಕದಾಗಿರುತ್ತದೆ, ಮಗುವಿಗೂ ಬೇಸರವಿಲ್ಲ. 'ಪ್ರ' ಬಂದ ದಿನ ಒತ್ತಕ್ಷರದ ಜಗಳ ನಡೆಯಿತು. 'ಕ' ಅವಳಿಗೆ ಬೇಗ ಬಂತು. 'ಳ' ಇನ್ನೂ ಸತಾಯಿಸುತ್ತಿದೆ. ಟ್ಯಾಬುಗಳನ್ನು ಒಂದೊಂದಾಗಿ ಮುಚ್ಚಿದರೆ ಹೆಸರಿಗೆ ಜಾಗ ಸಿಕ್ಕಿ ಅಕ್ಷರಗಳು ಒಂದೊಂದಾಗಿ ಹೊರಬರುತ್ತವೆ ಎಂಬುದನ್ನು ಅವಳೇ ಕಂಡುಹಿಡಿದಿದ್ದಾಳೆ. ತನ್ನ ಅಪ್ಪನ ಟ್ಯಾಬುಗಳನ್ನು ಮುಚ್ಚಿ ಬೈಸಿಕೊಂಡದ್ದೂ ಆಯಿತು.

ಸದಸ್ಯ ಬಂಧುಗಳು ತಮ್ಮ ಮನೆಯಲ್ಲಿಯೂ ಇದನ್ನು ಮಾಡಿ ನೋಡಬೇಕೆಂದು ನಮ್ಮ ವಿನಂತಿ. ಖರ್ಚಿಲ್ಲ, ವರ್ಗವಿಲ್ಲ, ಪುಸ್ತಕವಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಒಂದಾದರೂ ಕನ್ನಡದ ಪುಟ ತೆರೆದಿರಲಿ, ಅದರ ಮುಖವನ್ನು ಮಗು ಗುರುತಿಸಲಿ, ಆಮೇಲೆ ಹೆಸರನ್ನು ಅಕ್ಷರ ಅಕ್ಷರವಾಗಿ ಓದಲಿ. ಆತಕೂರಿನ ಕಲ್ಲನ್ನು ನಾವು ಅವಳಿಗೆ ಕಂಪ್ಯೂಟರಿನಲ್ಲಿಯೇ ತೋರಿಸಿದೆವು. ಚಿತ್ರ ಕಂಡೊಡನೆ "ನಾಯಿ!" ಎಂದಳು. ಅದರ ಹೆಸರೇನೆಂದು ಕೇಳಿದಳು. ನಾವು ಹೇಳಲಿಲ್ಲ. ಒಂದು ಕಾಗದದ ಮೇಲೆ ಎರಡಕ್ಷರ ಬರೆದು ಅವಳ ಮುಂದಿಟ್ಟೆವು. ಮೊದಲನೆಯ ಅಕ್ಷರವನ್ನು ಓದಿದಳು. ಎರಡನೆಯದರ ಹತ್ತಿರ ನಿಂತಿದ್ದಾಳೆ.